ಬೇಡಗದ ದಾರಿಯ ಉದ್ದಜ್ಜ

ನನ್ನ ಗಂಡನ ಮನೆಯವರಿಗೆ ತಮ್ಮ ಎತ್ತರದ ಬಗ್ಗೆ ಬಹಳ ಹೆಮ್ಮೆ. ಮಿರಜದ ನಮ್ಮ ವಾಡೆಯ ಬಾಗಿಲುಗಳು ಓಣಿಯ ಬೇರೆ ಮನೆಗಳ ಬಾಗಿಲಿಗಿಂತ ಗೇಣುದ್ದ ಹೆಚ್ಚೇ ಇದ್ದವು. ಆದರೂ ನನ್ನ ಮೈದುನ ತಲೆ ಬಗ್ಗಿಸಿಯೇ ಒಳಗೆ ಬರುತ್ತಿದ್ದ. ಬಗ್ಗುವ ಅಗತ್ಯ ಇತ್ತೋ ಇಲ್ಲವೋ, ಬಗ್ಗುವುದು ಅವನ ಠೀವಿ. ನಾನು ವಿಜಾಪುರದಿಂದ ಸೊಸೆಯಾಗಿ ಬಂದ ದಿನ ಅತ್ತೆ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. ಆ ನೋಟಕ್ಕೆ ಹೆಚ್ಚು ಹೊತ್ತು ಹಿಡಿಯಲಿಲ್ಲ. "ಇರಲಿ ಬಿಡು, ಉದ್ದಜ್ಜ ಅದಾನ. ಮೊಮ್ಮಕ್ಕಳ ಎತ್ತರ ಅಂವ ನೋಡ್ಕೋತಾನ" ಎಂದರು.

ಉದ್ದಜ್ಜ ಅಂದರೆ ಸತ್ತು ಎಷ್ಟೋ ಕಾಲವಾಗಿದ್ದ ಹಿರಿಯ. ಬೇಡಗದ ದಾರಿಯಲ್ಲಿ ನಮ್ಮದೊಂದು ಹೊಲ, ಅದರ ಮೂಲೆಯಲ್ಲಿ ಬೇವಿನ ಗಿಡದ ಕೆಳಗೆ ಮನೆತನದ ಸಮಾಧಿಗಳು. ನಾವು ಲಿಂಗಾಯತರು, ಸತ್ತವರನ್ನು ಸುಡುವುದಿಲ್ಲ, ಕುಳ್ಳಿರಿಸಿ ಮಣ್ಣು ಕೊಡುತ್ತೇವೆ. ಹಾಗಾಗಿ ಮೇಲೆ ಕಟ್ಟುವ ಕಟ್ಟೆಯೂ ಚೌಕವಾಗಿ, ಸಣ್ಣದಾಗಿ ಇರುತ್ತದೆ. ಗಂಡನ ಪಕ್ಕಕ್ಕೆ ಹೆಂಡತಿಯ ಕಟ್ಟೆ. ಆ ಸಾಲಿನ ಕೊನೆಯಲ್ಲಿ ಒಂದೇ ಒಂದು ಕಟ್ಟೆ ಮಂಚದಷ್ಟು ಉದ್ದವಾಗಿತ್ತು. ಅದೇ ಉದ್ದಜ್ಜ. "ಕುಂದ್ರಸಾಕ ಹ್ವಾದ್ರ ಕುಣಿ ಹಿಡೀಲಿಲ್ಲಂತ. ಅಷ್ಟು ಎತ್ತರ ಇದ್ದ. ಅದಕ್ಕ ಮಲಗಿಸಿ ಮಣ್ಣ ಕೊಟ್ರು" ಎಂದು ಅತ್ತೆ ಹೇಳುತ್ತಿದ್ದರು. ಕುಣಿಯನ್ನೇ ಇನ್ನಷ್ಟು ಆಳ ತೋಡಬಹುದಿತ್ತಲ್ಲ ಎಂದು ನಾನು ಒಮ್ಮೆ ಕೇಳಿದ್ದೆ. ಅವತ್ತು ನಾನು ಬಡಿದ ರೊಟ್ಟಿಯನ್ನು ಅತ್ತೆ ಮುಟ್ಟಲಿಲ್ಲ.

ಉದ್ದಜ್ಜನ ಮೇಲೆ ಅವರಿಗೆ ಅಷ್ಟು ಪ್ರೀತಿ. ಸುಗ್ಗಿ ಮುಗಿದ ಮೇಲೆ ನಮ್ಮ ಮನೆತನದ ಹೆಳವ ಎತ್ತಿನ ಮೇಲೆ ಕುಳಿತು ಬರುತ್ತಿದ್ದ. ಬಂದು, ಮೂಲಪುರುಷನಿಂದ ಹಿಡಿದು ಯಾರಿಗೆ ಯಾರು ಹುಟ್ಟಿದರು ಎಂದು ಹಾಡಿ ಹೇಳಿ ಜೋಳ ಒಯ್ಯುತ್ತಿದ್ದ. ಅವನ ಬಾಯಲ್ಲಿ ಉದ್ದಜ್ಜ ಒಮ್ಮೆಯೂ ಬರಲಿಲ್ಲ. "ಪೂರಾ ಮರವು ಹಿಡದೈತಿ ಮುದುಕಗ" ಎಂದು ಅತ್ತೆ ಪ್ರತಿ ಸಲ ಅವನ ಜೋಳದಲ್ಲಿ ಒಂದು ಸೇರು ಮುರಿದುಕೊಳ್ಳುತ್ತಿದ್ದರು. ಪಾಪ, ಮುದುಕ ಉಳಿದದ್ದನ್ನು ಎತ್ತಿನ ಮೇಲೆ ಹೇರಿಕೊಂಡು ಹೋಗುತ್ತಿದ್ದ.

ಸಂಸ್ಥಾನದ ಕಾಲ ಅದು. ಟಾಂಗಾದಲ್ಲಿ ಒಂದು ಸುತ್ತು ಹೊಡೆದರೆ ಮಿರಜ, ಸಾಂಗ್ಲಿ, ಬುಧಗಾಂವ ಅಂತ ಮೂರು ರಾಜ್ಯ ದಾಟಿ ಮನೆಗೆ ಊಟಕ್ಕೆ ಬರಬಹುದಿತ್ತು. ನಮ್ಮದು ಅರಿಷಿಣ, ಬೆಲ್ಲದ ವ್ಯಾಪಾರ. ಗಂಡಸರು ಬೆಳಗ್ಗೆ ಸಾಂಗ್ಲಿ ಪೇಟೆಗೆ ಹೋದರೆ ದೀಪ ಹಚ್ಚುವ ಹೊತ್ತಿಗೆ ಮೈಯೆಲ್ಲ ಹಳದಿ ಮಾಡಿಕೊಂಡು ಬರುತ್ತಿದ್ದರು. ಮಿರಜದ ದವಾಖಾನೆಗೆ ಆಗಲೇ ದೂರದೂರದ ರೋಗಿಗಳು ಬರುತ್ತಿದ್ದರು. ಅವರ ಜೊತೆ ಬಂದವರಿಗೆ ಓಣಿಯ ಹೆಚ್ಚಿನ ಮನೆಗಳಲ್ಲಿ ಖೋಲಿ ಬಾಡಿಗೆಗೆ ಕೊಡುತ್ತಿದ್ದರು. ನಮ್ಮ ವಾಡೆಯ ಮುಂದಿನ ಖೋಲಿಗೆ ಹಾಗೆ ಬಂದವರೇ ಕಲಕತ್ತೆಯ ಬಾಯಿ; ಬಾಯಿ ಅಂದರೆ ನಮ್ಮ ಕಡೆ ಅಮ್ಮನವರು. ವಯಸ್ಸಾದ ಹೆಂಗಸು, ಬಿಳಿ ಮೈ, ದಪ್ಪ ಹುಬ್ಬು, ಗಿಣಿಮೂಗು. ಅವರ ಯಜಮಾನರಿಗೆ ಹೊಟ್ಟೆಯಲ್ಲಿ ಕಲ್ಲಾಗಿ ಆಪರೇಶನ್ ಮಾಡಿಸಲು ಬಂದಿದ್ದರು.

ಅತ್ತೆ ಬಾಗಿಲಲ್ಲೇ ಶರತ್ತು ಹಾಕಿದರು. "ನಮ್ಮ ಮನ್ಯಾಗ ಮಾಂಸ, ತತ್ತಿ ಏನೂ ನಡಿಯಂಗಿಲ್ಲ ಅಂತ ಹೇಳು ಈ ಇಂಗ್ರಜಿ ಬಾಯಿಗಿ." ಹೇಳುವ ಕೆಲಸ ನನ್ನದು. ವಿಜಾಪುರದಲ್ಲಿ ನಮ್ಮ ತವರುಮನೆಯ ಸುತ್ತ ಮುಸಲ್ಮಾನರ ಮನೆಗಳೇ ಹೆಚ್ಚು, ಹಾಗಾಗಿ ಹಿಂದುಸ್ತಾನಿ ನನಗೆ ಸಲೀಸು. ಬಾಯಿ ಕೈ ಅಡ್ಡ ಆಡಿಸಿದರು. ತಾವು ಇಂಗ್ರಜಿಯವರಲ್ಲ, ಆರ್ಮೇನಿಯಾ ಮೂಲದ ಕ್ರಿಸ್ತರು. ಹಿರಿಯರು ಇರಾನಿನಿಂದ ವ್ಯಾಪಾರಕ್ಕೆ ಬಂದು ಸೂರತ್ತು, ಮದರಾಸು, ಕಲಕತ್ತೆ ಎಂದು ಹಂಚಿಹೋದವರು. ಮಾಂಸದ ಮಾತು ಹಾಗಿರಲಿ, ಈಗ ತಮ್ಮ ದೊಡ್ಡ ಹಬ್ಬದ ಮುಂಚಿನ ಉಪವಾಸ ನಡೆದಿದೆ, ಹಾಲು ಬೆಣ್ಣೆಯೂ ನಿಷಿದ್ಧ ಎಂದರು. ಅತ್ತೆಗೆ ನಂಬಿಕೆಯಾಗಲಿಲ್ಲ. ತಾವೇ ಒಂದು ವಾಟಿ ಮಜ್ಜಿಗೆ ಒಯ್ದು ಪರೀಕ್ಷೆ ಮಾಡಿದರು. ಬಾಯಿ ಮುಟ್ಟಲಿಲ್ಲ. "ಏ, ಹಾಲೂ ಒಲ್ಲೆ ಅಂತಾಳ! ನಮ್ಮ ಅಯ್ಯನವರೂ ಇಷ್ಟು ಕಟ್ಟುನಿಟ್ಟ ಇಲ್ಲ" ಎಂದು ಓಣಿಯಲ್ಲೆಲ್ಲ ಹೇಳಿಕೊಂಡು ಬಂದರು. ಅಂದಿನಿಂದ ಬಾಯಿಗೆ ನಮ್ಮ ಅಡುಗೆಮನೆಯ ಹೊಸ್ತಿಲವರೆಗೆ ಬರುವ ಹಕ್ಕು ಸಿಕ್ಕಿತು.

ಯಜಮಾನರನ್ನು ನೋಡಿ ಬಂದ ಮೇಲೆ ಬಾಯಿ ದಿನಾಲೂ ಟಾಂಗಾ ಮಾಡಿಸಿ ಎಲ್ಲಿಗೋ ಹೋಗುತ್ತಿದ್ದರು. ಮಾತು ತಿಳಿಯದ ಊರಲ್ಲಿ ಒಬ್ಬರೇ ಅಲೆಯುವುದು ಸರಿಯಲ್ಲ ಎಂದು ಅತ್ತೆ ನನ್ನನ್ನು ಜೊತೆಗೆ ಕಳಿಸಿದರು. ಅದು ಕರುಣೆಯಷ್ಟೇ ಅಲ್ಲ. ಸಂಜೆ ನಾನು ಬಂದು ಸುದ್ದಿಯೆಲ್ಲ ಒಪ್ಪಿಸಬೇಕಿತ್ತು. ಬಾಯಿ ಹುಡುಕುತ್ತಿದ್ದದ್ದು ಒಂದು ಸಮಾಧಿಯನ್ನು. ಸಾಂಗ್ಲಿಯ ಕಡೆ ಹೋಗುವ ಟಾಂಗಾದಲ್ಲಿ ಕುಳಿತು ಅವರು ಹೇಳಿದ್ದು ಇಷ್ಟು.

ಅವರ ತಾಯಿಯ ಅಜ್ಜ ಮುತ್ತಿನ ವ್ಯಾಪಾರಿ. ಈ ಕಡೆಯ ಸರದಾರರ ಮನೆಗಳಿಗೆ ಮುತ್ತು ಮಾರುತ್ತ, ಮಿರಜಕ್ಕೆ ಹೋಗಿಬರುತ್ತೇನೆಂದು ಹೇಳಿ ಹೊರಟವನು ತಿರುಗಿ ಬರಲಿಲ್ಲ. ಸತ್ತ ಸುದ್ದಿಯೂ ಬರಲಿಲ್ಲ. ವರ್ಷ ಕಳೆದಂತೆ ಕಲಕತ್ತೆಯ ಅವರ ಜನರೆಲ್ಲ ಒಂದೇ ಮಾತಿಗೆ ಬಂದರು: ದಖ್ಖನದಲ್ಲಿ ಇನ್ನೊಬ್ಬಳನ್ನು ಕಟ್ಟಿಕೊಂಡು ಸಂಸಾರ ಹೂಡಿದ್ದಾನೆ. ಹೆಂಡತಿ ಮಾತ್ರ ಒಪ್ಪಲಿಲ್ಲ. ವಿಧವೆಯ ಕರಿಬಟ್ಟೆಯನ್ನೂ ಉಡಲಿಲ್ಲ. ಉಟ್ಟರೆ ಸತ್ತನೆಂದು ಒಪ್ಪಿದಂತೆ, ಉಡದಿದ್ದರೆ ಬಿಟ್ಟುಹೋದನೆಂದು ಜನ ನಗುತ್ತಾರೆ. ಹಾಗೇ ಮುದುಕಿಯಾಗಿ ಸತ್ತಳು. ಸತ್ತವರಿಗಾಗಿ ಚರ್ಚಿನಲ್ಲಿ ಹೇಳುವ ಪ್ರಾರ್ಥನೆಯಲ್ಲಿ ಅವನ ಹೆಸರು ಸೇರಲಿಲ್ಲ, ಸತ್ತದ್ದು ಯಾರಿಗೆ ಗೊತ್ತು? ಬಾಯಿಯ ತಾಯಿ ಬೆಳೆದದ್ದು ಆ ಅಜ್ಜಿಯ ಮಡಿಲಲ್ಲಿ. ಕೊನೆಗಾಲದಲ್ಲಿ ತಾಯಿ ಮಗಳ ಕೈ ಹಿಡಿದು ಕೇಳಿದ್ದು ಒಂದೇ: ಅವನು ಸತ್ತನೋ, ಬಿಟ್ಟನೋ, ತಿಳಿದುಕೋ.

"ಗಂಡನಿಗೆ ಮಿರಜದ ದವಾಖಾನೆ ಅಂದಾಗ ನನಗೆ ಒಳಗೊಳಗೇ ಖುಷಿಯಾಯಿತು. ಅವರಿಗೆ ನೋವು, ನನಗೆ ಖುಷಿ. ದೇವರು ಕ್ಷಮಿಸಲಿ" ಎಂದು ಬಾಯಿ ನಕ್ಕರು. ನನಗೆ ಅವರು ಇಷ್ಟವಾದದ್ದು ಆ ಮಾತಿಗೇ.

ಮಿರಜದಲ್ಲಿದ್ದ ಕ್ರಿಸ್ತರ ಸ್ಮಶಾನ ನೋಡಿದೆವು, ಎಲ್ಲ ಇತ್ತೀಚಿನ ಕಲ್ಲುಗಳು. ಮೂರೂ ಸಂಸ್ಥಾನಗಳ ದಫ್ತರಗಳ ಮೆಟ್ಟಿಲು ಹತ್ತಿಳಿದೆವು. "ಬಾಯಿ, ಸೌದಾಗರರು ಬರತಾರ, ಹೋಗತಾರ. ಜಕಾತಿ ಕೊಟ್ಟರ ಮುಗೀತು. ಅಂವ ಸತ್ತನೋ ಇದ್ದಾನೋ ಯಾರ ಬರದಿಡ್ತಾರ?" ಎಂದು ಒಬ್ಬ ಕಾರಕೂನ ಮರ್ಯಾದೆಯಿಂದಲೇ ಕೇಳಿದ. ನದಿಯ ದಂಡೆಯ ಮುಸಲ್ಮಾನರ ಖಬರಸ್ತಾನಕ್ಕೂ ಹೋದೆವು. ಅಲ್ಲಿಯ ಮುದುಕ, ಇಲ್ಲಿ ಎಲ್ಲರೂ ಬಡಗಣ ತೆಂಕಣ ಮಲಗಿದ್ದಾರೆ, ಬೇರೆ ದಿಕ್ಕಿಗೆ ಒಬ್ಬರೂ ಇಲ್ಲ ಎಂದ. ಬಾಯಿ ತಲೆಯಾಡಿಸಿದರು. ಬಾಯಿಯ ಜನರಲ್ಲಿ ಕಾಲು ಮೂಡಣಕ್ಕೆ ಮಾಡಿ ಮಲಗಿಸುತ್ತಾರಂತೆ. ಕೊನೆಯ ದಿನ ಎದ್ದು ಕೂತರೆ ಎದುರಿಗೇ ಸೂರ್ಯ ಹುಟ್ಟಬೇಕು.

ಹಾಸಿಗೆಯಲ್ಲಿದ್ದ ಯಜಮಾನರು ಹೆಂಡತಿಯನ್ನು ಚೇಷ್ಟೆ ಮಾಡುತ್ತಿದ್ದರಂತೆ. ಗೋರಿ ಯಾಕೆ ಹುಡುಕುತ್ತೀ, ಪೇಟೆಯಲ್ಲಿ ನಿಂತು ನಿನ್ನಂಥ ಮೂಗು ಯಾರಿಗಿದೆ ನೋಡು ಎಂದು. ಚೇಷ್ಟೆಯ ಮಾತು ಮುಳ್ಳಿನಂತೆ ಒಳಗೆ ಸೇರಿತ್ತು. ಬಾಯಿ ನಿಜವಾಗಿಯೂ ಹೋಗುವವರ ಬರುವವರ ಮೂಗು ನೋಡತೊಡಗಿದ್ದರು. ಬೆಲ್ಲದ ಅಡತಿ ಅಂಗಡಿಯವನ ಮೂಗು, ಟಾಂಗಾದವನ ಮೂಗು. ಒಬ್ಬ ಪೋಲೀಸನ ಮೂಗನ್ನು ಎಷ್ಟು ಹೊತ್ತು ನೋಡಿದರೆಂದರೆ ಅವನು ಕರವಸ್ತ್ರ ತೆಗೆದು ಒರೆಸಿಕೊಂಡ.

ಒಂದು ಮಧ್ಯಾಹ್ನ ನಾನು, ಅತ್ತೆ, ಬಾಯಿ ಪಡಸಾಲೆಯಲ್ಲಿ ಕುಳಿತು ಶೇಂಗಾ ಬಿಡಿಸುತ್ತಿದ್ದೆವು. ಮೈದುನ ರೂಢಿಯಂತೆ ತಲೆ ಬಗ್ಗಿಸಿ ಒಳಗೆ ಬಂದ. ಬಾಯಿಯ ಕಣ್ಣು ಅವನ ಮೇಲೆ ನಿಂತಿತು. ಅತ್ತೆಗೆ ಅಷ್ಟು ಸಾಕಾಯಿತು.

"ಎತ್ತರ ನೋಡಾಕತ್ತೀರೇನ್ರಿ ಬಾಯಿ? ಇವ್ರೆಲ್ಲಾ ನಮ್ಮ ಉದ್ದಜ್ಜನ ತಳಿ. ಭಾಳ ಹಿಂದಿನಾವ ಅಂವ. ನಾವು ಅರಿಷಿಣದವ್ರು, ಅಂವ ಒಬ್ಬನ ಮುತ್ತಿನ ವ್ಯಾಪಾರ ಮಾಡಿದ್ದು. ಭಾಳ ದೂರ ತಿರಿಗ್ಯಾಡಿದಾವಂತ!"

ಮುತ್ತಿನ ಮಾತು ನಾನೂ ಕೇಳಿದ್ದು ಅವತ್ತೇ; ಹೆಮ್ಮೆಯಿಂದಲೇ ಹಿಂದುಸ್ತಾನಿಗೆ ತಿರುಗಿಸಿದೆ. ಅರ್ಧ ಹೇಳುವಷ್ಟರಲ್ಲಿ ನನ್ನ ನಾಲಿಗೆ ತಡೆಯಿತು, ಆದರೆ ಹೇಳಿಯಾಗಿತ್ತು. ಬಾಯಿಯ ಮುಖ ಸುಣ್ಣದ ಹಾಗಾಯಿತು. ಮಡಿಲಲ್ಲಿದ್ದ ಶೇಂಗಾ ನೆಲಕ್ಕೆ ಸುರಿದು, ಎದ್ದು ಖೋಲಿಗೆ ಹೋದರು. ಹುಡುಕುತ್ತಿದ್ದ ಎರಡನೆಯ ಸಂಸಾರದ ಮನೆಯಲ್ಲೇ ಬಾಡಿಗೆ ಕೊಟ್ಟು ಕುಳಿತಿದ್ದೇನೆ ಎಂದು ಅವರಿಗೆ ಅನಿಸಿತ್ತು. ಕಂಕುಳಲ್ಲಿ ಕೂಸಿಟ್ಟುಕೊಂಡು ಊರೆಲ್ಲ ಹುಡುಕಿದ ಹಾಗೆ.

"ಏನಾತ ಆಕಿಗಿ?" ಎಂದರು ಅತ್ತೆ. ಬಾಯಿಯ ಮುತ್ತಜ್ಜನ ಕಥೆ ಅವರಿಗೆ ನಾನು ದಿನವೂ ಒಪ್ಪಿಸಿದ್ದೆ, ಆದರೆ ಅದಕ್ಕೂ ನಮ್ಮ ಉದ್ದಜ್ಜನಿಗೂ ಗಂಟು ಹಾಕುವ ಯೋಚನೆ ಅವರ ತಲೆಗೆ ಬರುವಂಥದ್ದಲ್ಲ. ನಾನು ತಗ್ಗಿದ ದನಿಯಲ್ಲಿ ಹೇಳಿದೆ. ಅತ್ತೆ ಕಿಡಿಕಿಡಿಯಾದರು. "ನಮ್ಮ ಉದ್ದಜ್ಜ ಹೆಂಡತಿ ಬಿಟ್ಟು ಓಡಿ ಬಂದಾವಂತ? ಯಾರ ಮನಿ ಹಿರ್ಯಾನ ಮ್ಯಾಲ ಏನ ಮಾತು! ನಾಳಿ ಅಮಾಸಿ ಐತಿ. ಕರಕೊಂಡ ಬಾ ಹೊಲಕ್ಕ. ಕಣ್ಣಾರೆ ನೋಡಲಿ ನಮ್ಮ ಹಿರಿಯರು ಹ್ಯಾಂಗ ಕುಂತಾರಂತ."

ಯುಗಾದಿಯ ಮುಂಚಿನ ಅಮಾವಾಸ್ಯೆ. ಮೈದುನ ಚಕ್ಕಡಿ ಹೊಡೆದ. ಬಾಯಿ ಬರುತ್ತಾರೋ ಇಲ್ಲವೋ ಎಂದುಕೊಂಡಿದ್ದೆ, ಬಂದರು. ಕರೀ ವಸ್ತ್ರವನ್ನು ತಲೆಗೆ ಬಿಗಿಯಾಗಿ ಕಟ್ಟಿಕೊಂಡು ಚಕ್ಕಡಿಯ ಹಿಂದೆ ಕುಳಿತಿದ್ದರು. ಬಿಸಿಲು ಇನ್ನೂ ಏರಿರಲಿಲ್ಲ. ಅತ್ತೆ ಸಮಾಧಿಗಳನ್ನು ತೊಳೆದು, ವಿಭೂತಿ ಹಚ್ಚಿ, ಬಿಲ್ವಪತ್ರಿ ಏರಿಸಿ, ಒಂದೊಂದಕ್ಕೂ ಎಡೆ ಹಿಡಿಯುತ್ತ ಸಾಲಾಗಿ ಬಂದರು. ಕೊನೆಯ ಉದ್ದ ಕಟ್ಟೆಗೆ ವಿಭೂತಿ ಇಲ್ಲ, ಪತ್ರಿ ಇಲ್ಲ. ಎಡೆ ಹಿಡಿದು, ಕೆಂಡದ ಮೇಲೆ ಲೋಬಾನದ ಧೂಪ ಹಾಕಿ ಪಡುವಣಕ್ಕಿದ್ದ ತಲೆಯ ಕಡೆ ಇಟ್ಟರು, ಅಷ್ಟೇ.

ಅದು ಯಾಕೆ ಹಾಗೆ ಎಂದು ಬಾಯಿ ನನ್ನಿಂದ ಕೇಳಿಸಿದರು.

"ಯಾಕಂದ್ರ? ನಮ್ಮತ್ತಿ ಹಿಂಗ ಮಾಡತಿದ್ರು. ಅವರತ್ತಿ ಹಿಂಗ ಮಾಡತಿದ್ರಂತ. ಉದ್ದಜ್ಜಗ ಲೋಬಾನ ಸೇರತೈತಿ."

ಬಾಯಿ ಕಟ್ಟೆಯ ಸುತ್ತ ಒಂದು ಸಲ ನಡೆದರು. ಮೂಡಣದ ಸೂರ್ಯನನ್ನು ನೋಡಿದರು, ಕಟ್ಟೆಯನ್ನು ನೋಡಿದರು. ಆಮೇಲೆ ಚೌಕ ಕಟ್ಟೆಗಳ ಕಡೆ ಕೈ ಮಾಡಿ, ಇವು ಯಾಕೆ ಎರಡೆರಡು ಎಂದರು. ಇದಕ್ಕೆ ಉತ್ತರ ಕೊಡುವುದೆಂದರೆ ಅತ್ತೆಗೆ ಹಬ್ಬ. ನಮ್ಮಲ್ಲಿ ಮನೆತನದ ಹೆಂಗಸರಿಗೆ ತವರೂರೇ ಹೆಸರು.

"ಇವ್ರು ನಮ್ಮ ಮನಿಯವ್ರು, ಬಾಜೂಕ ನನ್ನ ಜಾಗಾ. ಇಂವ ನಮ್ಮ ಮಾವ, ಇಕಿ ಅಥಣಿ ಅತ್ತಿ. ಇಂವ ಅವರಪ್ಪ, ಇಕಿ ಗೋಕಾವಿ ಅಜ್ಜಿ. ಇಂವ ಅವರಪ್ಪ, ಇಕಿ ಜಮಖಂಡಿ ಅಜ್ಜಿ, ಭಾಳ ಜೋರಿನಾಕಿ. ಇಂವ ಉದ್ದಜ್ಜ, ಇಕಿ..."

ಅತ್ತೆಯ ಕೈ ಗಾಳಿಯಲ್ಲಿ ನಿಂತಿತು. ಉದ್ದ ಕಟ್ಟೆಯ ಪಕ್ಕ ಬರೀ ಹುಲ್ಲು.

ಎಷ್ಟು ಅಮಾವಾಸ್ಯೆ ಅವರು ಅಲ್ಲಿ ನಿಂತಿದ್ದರೋ! ನೋಡಿಯೂ ನೋಡಿರಲಿಲ್ಲ. ನಾನೂ ಅಷ್ಟೇ. "ಅತ್ತಿಯವರ, ಉದ್ದಜ್ಜಗ ಹೆಂಡತಿ ಯಾವೂರಾಕಿರಿ?" ಎಂದೆ. ಅತ್ತೆ ಹುಲ್ಲನ್ನು ಕಾಲಿನಿಂದ ಸರಿಸಿ ನೋಡಿದರು. "ನಮ್ಮ ಮನಿಗಿ ಸೊಸಿ ಆಗಿ ಯಾರೂ ಬಂದಿಲ್ಲಂದ ಮ್ಯಾಲ ಅಂವಗ ಮಕ್ಕಳೆಲ್ಲಿಂದ ಬಂದ್ವು? ತಳಿ ಎಲ್ಲಿಂದ ಬಂತು?" ಬಾಯಿಹರುಕತನ ನನ್ನದು, ಆದರೆ ಆ ಹೊತ್ತಿಗೆ ಅದು ಬೇಕಿತ್ತು. ಮೈದುನ ಎತ್ತಿನ ಕೊರಳು ಸವರುತ್ತ ನಿಂತಿದ್ದವನು ತನ್ನ ಎತ್ತರವನ್ನು ಎಲ್ಲಿಡಬೇಕೋ ತಿಳಿಯದೆ ಅಲ್ಲೇ ಕುಳಿತುಬಿಟ್ಟ.

"ಹೆಳವ ಮರತಿಲ್ಲ ಹಂಗಾರ" ಎಂದರು ಅತ್ತೆ, ತಮ್ಮಷ್ಟಕ್ಕೆ.

ನಾನು ಎಲ್ಲವನ್ನೂ ಬಾಯಿಗೆ ಹೇಳಿದೆ. ಉದ್ದಜ್ಜ ನಮ್ಮವನಲ್ಲ. ಅವನಿಗೆ ಇಲ್ಲಿ ಹೆಂಡತಿಯಿರಲಿಲ್ಲ, ಮಕ್ಕಳಿರಲಿಲ್ಲ. ಅವನು ಎತ್ತರವಿದ್ದನೋ ಗಿಡ್ಡನಿದ್ದನೋ ದೇವರಿಗೇ ಗೊತ್ತು. ಮಳೆಗಾಲದಲ್ಲಿ ಹೊಳೆ ತುಂಬಿದಾಗಲೋ, ಜ್ವರ ಹಿಡಿದೋ, ನಮ್ಮ ಹಿರಿಯರ ಮನೆಯಲ್ಲಿ ತೀರಿಕೊಂಡಿರಬೇಕು. ಸುಡುವವರಿಗೆ ಅವನನ್ನು ಕೊಡುವಂತಿರಲಿಲ್ಲ; ನಮ್ಮವರು ಮಣ್ಣು ಕೊಡುವವರು, ಹೊಲವಿತ್ತು. ಆದರೆ ತಮ್ಮ ಪದ್ಧತಿಯಂತೆ ಕುಳ್ಳಿರಿಸಲಿಲ್ಲ. ನಿಮ್ಮಲ್ಲಿ ಹೇಗೆ ಎಂದು ಅವನನ್ನೇ ಕೇಳಿರಬೇಕು, ಅವನು ಹೇಳಿರಬೇಕು. ಕಾಲು ಮೂಡಣಕ್ಕೆ. ಮೇಲೆ ಲೋಬಾನ. ಕಟ್ಟೆಯ ಮೇಲೆ ಹೆಸರಿಲ್ಲ, ಅಕ್ಷರವಿಲ್ಲ; ಕೋರ್ಟಿನಲ್ಲಿ ಇದು ಸಾಕ್ಷಿಯಾಗಲಾರದು. ನಮಗೆ ಸಾಕಾಯಿತು.

ಬಾಯಿ ಮಣ್ಣಿನಲ್ಲಿ ಮಂಡಿಯೂರಿದರು. ಸತ್ತವರ ಗೋರಿಯ ಮೇಲೆ ಧೂಪ ಹಾಕುವುದು ತಮ್ಮ ಜನರ ಪದ್ಧತಿ, ಇಷ್ಟು ವರ್ಷ ನೀವು ಹಾಕಿದ್ದೀರಿ ಎಂದರು. ಆಮೇಲೆ ತಮ್ಮ ಭಾಷೆಯಲ್ಲಿ ದೊಡ್ಡ ದನಿಯಲ್ಲಿ ಪ್ರಾರ್ಥನೆ ಹೇಳಿದರು. ನಡುವೆ ಅಜ್ಜನ ಹೆಸರು ಬಂತಂತೆ, ನಮ್ಮ ಕಿವಿಗೆ ಅದು ಹತ್ತಲಿಲ್ಲ. ಅಳುತ್ತಿದ್ದರು, ನಗುತ್ತಲೂ ಇದ್ದರು. ನಾನೂ ಅತ್ತುಬಿಟ್ಟೆ. ಯಾಕೆ ಅಂತ ಕೇಳಿದರೆ, ಒಬ್ಬ ಗಂಡಸು ಸತ್ತದ್ದಕ್ಕೆ ಯಾರಾದರೂ ಅಷ್ಟು ಸಂತೋಷ ಪಟ್ಟದ್ದನ್ನು ನಾನು ಅದಕ್ಕಿಂತ ಮೊದಲು ನೋಡಿರಲಿಲ್ಲ.

ಅತ್ತೆ ಮಾತ್ರ ಮನೆಗೆ ಬಂದು ಮೂಲೆ ಹಿಡಿದರು. ಊಟ ಸೇರಲಿಲ್ಲ. ಅವರಿಗೆ ಒಬ್ಬ ಹಿರಿಯ ಹೋದ ದುಃಖವಿದೆ ಎಂದುಕೊಂಡು ನಾನು ಸಮಾಧಾನಕ್ಕೆ ಹೋದೆ. ಬ್ಯಾರೆ ಜಾತಿಯವನಿಗೆ ಎಡೆ ಹಿಡಿದೆವಲ್ಲ ಎಂಬ ಚಿಂತೆಯೇ ಎಂದೂ ಕೇಳಿದೆ.

"ಹುಚ್ಚಿ! ನಮ್ಮ ಮನಿ ಎಡಿ ಉಂಡಾವ ಬ್ಯಾರೆಯವ ಹ್ಯಾಂಗ ಆಗ್ತಾನ?" ಎಂದು ಗದರಿಸಿದರು. ಆಮೇಲೆ ನನ್ನನ್ನು ಪಕ್ಕಕ್ಕೆ ಕುಳ್ಳಿರಿಸಿಕೊಂಡು, "ನಂದು ಅದಲ್ಲ. ನಮ್ಮವ್ರು ಮಣ್ಣ ಕೊಟ್ರು, ಸುದ್ದಿ ಕೊಡಲಿಲ್ಲ. ಕೊಟ್ರೋ, ಮುಟ್ಟಲಿಲ್ಲೋ. ಆಮ್ಯಾಲ ನಮ್ಮಂವ ನಮ್ಮಂವ ಅಂತ ನಾವ ಇಟ್ಕೊಂಡ್ವಿ. ಅಂವಗೊಂದು ಮನಿ ಐತಿ, ಅಲ್ಲೊಬ್ಬಾಕಿ ದಾರಿ ನೋಡತಾಳ ಅನ್ನೂದ ಮರತ್ವಿ. ಆಕಿ ಜನ್ಮಾನ ಹೋತು" ಎಂದರು. ಕಣ್ಣು ಒರೆಸಿಕೊಂಡರು. ನನ್ನ ಅತ್ತೆ ಅಳುವುದನ್ನು ನಾನು ನೋಡಿದ್ದು ಕಡಿಮೆ.

ಯಜಮಾನರಿಗೆ ಗುಣವಾಗಿ ಹೊರಡುವ ದಿನ ಬಂತು. ಅಜ್ಜನ ಎಲುಬುಗಳನ್ನು ಕಲಕತ್ತೆಗೆ ಒಯ್ದು ಹೆಂಡತಿಯ ಪಕ್ಕ ಮಲಗಿಸಬೇಕು ಎಂದು ಬಾಯಿ ಮೊದಲು ಅಂದುಕೊಂಡಿದ್ದರಂತೆ. ಅದನ್ನು ತಾವೇ ಬಿಟ್ಟರು. ತಮಗೆ ಮಕ್ಕಳಿಲ್ಲ, ಅಲ್ಲಿ ತಮ್ಮ ನಂತರ ಧೂಪ ಹಾಕುವವರಿಲ್ಲ, ಇಲ್ಲಿ ನಿನ್ನ ಅತ್ತೆಯಿದ್ದಾರೆ ಎಂದು ನನಗೆ ಹೇಳಿದರು. ಅತ್ತೆ ನನ್ನ ಕಡೆ ಬೆರಳು ಮಾಡಿ, "ನಾ ಹ್ವಾದ ಮ್ಯಾಲ ಇಕಿ ಹಾಕತಾಳ. ಗಿಡ್ಡಿ ಅದಾಳ ಖರೆ, ಕೆಲಸಕ್ಕ ಗಟ್ಟಿ" ಎಂದರು. ಅತ್ತೆಯಿಂದ ನಾನು ಪಡೆದ ಮೆಚ್ಚುಗೆ ಅದೊಂದೇ.

ಟಾಂಗಾ ಬಾಗಿಲಿಗೆ ಬಂದಾಗ ಅತ್ತೆ ನನ್ನನ್ನು ಒಳಗೆ ಕರೆದರು. ಪೆಟ್ಟಿಗೆಯಿಂದ ರವಿಕೆಯ ಹಸಿರು ಖಣ ತೆಗೆದಿಟ್ಟಿದ್ದರು. ಅಕ್ಕಿ, ಕೊಬ್ಬರಿ ಬಟ್ಟಲು, ಅಡಿಕೆ, ಹಸಿರು ಬಳೆ, ಆ ವರ್ಷದ ಹೊಸ ಅರಿಷಿಣದ ಕೊಂಬು. ಮುತ್ತೈದೆಗೆ ತುಂಬುವ ಉಡಿ. ಅವರು ವಿಧವೆ, ಅದನ್ನು ಮುಟ್ಟಲಿಲ್ಲ, ನಾನೇ ಮೊರದಲ್ಲಿ ಜೋಡಿಸಿ ಹೊರಗೆ ತಂದೆ. ಬಾಯಿ ತಮಗೇ ಎಂದುಕೊಂಡು ಕೈ ಚಾಚಿದರು.

"ನಿಮಗಲ್ಲರಿ ಬಾಯಿ" ಎಂದರು ಅತ್ತೆ. "ನಿಮ್ಮ ಮುತ್ತಜ್ಜಿಗಿ. ಗಂಡ ಸತ್ತ ಸುದ್ದಿ ಆಕಿಗಿ ಮುಟ್ಟೇ ಇಲ್ಲ. ಆಕಿ ಮುತ್ತೈದಿ ಆಗೇ ಹ್ವಾದ್ಲು."

ಬಾಯಿಯ ಫ್ರಾಕಿಗೆ ಸೆರಗೆಲ್ಲಿಂದ ಬರಬೇಕು? ತಲೆಗೆ ಕಟ್ಟಿದ್ದ ಕರೀ ವಸ್ತ್ರವನ್ನು ಬಿಚ್ಚಿ ಎರಡೂ ಕೈಯಿಂದ ಒಡ್ಡಿ ನಿಂತರು. ನಾನು ಖಣ ಹಾಸಿ, ಅಕ್ಕಿ ಹಾಕಿ, ಅರಿಷಿಣ, ಬಳೆ ಇಟ್ಟು ಉಡಿ ತುಂಬಿದೆ.

"ಆಕಿ ಸಮಾಧಿ ಮ್ಯಾಲ ಇಡ್ರಿ" ಎಂದರು ಅತ್ತೆ. "ಗಂಡನ ಮನ್ಯಾಗಿಂದ ಬಂದೈತಿ ಅಂತ ಹೇಳ್ರಿ."

ಅದನ್ನು ಹಿಂದುಸ್ತಾನಿಯಲ್ಲಿ ಹೇಳಿದೆ. ಬಾಯಿ ಇನ್ನೊಮ್ಮೆ ಹೇಳು ಎಂದರು. ಇನ್ನೊಮ್ಮೆ ಹೇಳಿದೆ.